ಮಲೆನಾಡಿನ ಮನೆಗೆ ಟ್ಯೂಬ್ ಪ್ರಿಆಂಪ್: ಹೊಳಪಿಗಿಂತ ಹೊಂದಾಣಿಕೆ ಮುಖ್ಯ

ಸ್ಟೀರಿಯೊ ವ್ಯವಸ್ಥೆಯಲ್ಲಿ ಪ್ರಿಆಂಪ್ಲಿಫೈಯರಿನ ಜಾಗ ಹಾಡಿನ ಮೂಲಕ್ಕೂ ಪವರ್ ಆಂಪ್ಲಿಫೈಯರಿಗೂ ನಡುವೆ. ಸಿಡಿ ಪ್ಲೇಯರ್, ಕ್ಯಾಸೆಟ್ ಡೆಕ್, ರೆಕಾರ್ಡ್ ಪ್ಲೇಯರ್, ಮೊಬೈಲಿಗೆ ಜೋಡಿಸಿದ ಡ್ಯಾಕ್ (ಡಿಜಿಟಲ್-ಅನಲಾಗ್ ಪರಿವರ್ತಕ) ಇವುಗಳಲ್ಲಿ ಕೇಳಬೇಕಾದ್ದನ್ನು ಆರಿಸುವುದು, ದನಿಯನ್ನು ಏರಿಸಿ ಇಳಿಸುವುದು, ಮುಂದಿನ ಯಂತ್ರಕ್ಕೆ ಸಾಕಾಗುವಷ್ಟು ಬಲದಲ್ಲಿ ಸಿಗ್ನಲ್ ದಾಟಿಸುವುದು ಅದರ ಕೆಲಸ. ಸ್ಪೀಕರನ್ನು ಓಡಿಸುವ ದೊಡ್ಡ ಕರೆಂಟು ಅದರೊಳಗೆ ಹರಿಯುವುದಿಲ್ಲ. ಟ್ಯೂಬ್ ಪವರ್ ಆಂಪಿಗೆ ಬೇಕಾಗುವ ಭಾರವಾದ, ದುಬಾರಿಯಾದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲಿ ಸಾಮಾನ್ಯವಾಗಿ ಬೇಡ. ಕೈಬೆರಳಿನ ಗಾತ್ರದ ಒಂದೆರಡು ಟ್ಯೂಬುಗಳಲ್ಲಿ ಕೆಲಸ ಮುಗಿಯುತ್ತದೆ. ಕಡಿಮೆ ಖರ್ಚಿನಲ್ಲಿ ಟ್ಯೂಬಿನ ನಾದವನ್ನು ಮನೆಗೆ ತರಲು ಬಯಸುವವರು ಪ್ರಿಆಂಪಿನಿಂದ ಶುರು ಮಾಡುವುದು ಇದೇ ಕಾರಣಕ್ಕೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ತೋಟದ ಮನೆಗಳಲ್ಲಿ ಈ ಆಯ್ಕೆಗೆ ಬೇರೆ ಕೆಲವು ಲೆಕ್ಕಗಳೂ ಸೇರಿಕೊಳ್ಳುತ್ತವೆ. ತಿಂಗಳುಗಟ್ಟಲೆ ಆರದ ತೇವ, ಏರಿಳಿಯುವ ವೋಲ್ಟೇಜು, ಇನ್‌ವರ್ಟರಿನ ಕರೆಂಟು, ಮುಂಗಾರಿಗೆ ಮೊದಲಿನ ಸಿಡಿಲು, ದೂರದ ಊರಿನಲ್ಲಿರುವ ರಿಪೇರಿಯವರು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಚೆನ್ನಾಗಿ ನಡೆಯುವ ಯಂತ್ರ ಇಲ್ಲಿ ಎರಡು ಮಳೆಗಾಲ ಬಾಳದೆ ಹೋಗಬಹುದು.

ಗಾಜಿನ ಬುರುಡೆಯೊಳಗಿನ ಗಾಳಿ ತೆಗೆದು, ಕಾದ ಲೋಹದಿಂದ ಹೊರಡುವ ಎಲೆಕ್ಟ್ರಾನುಗಳನ್ನು ಹತೋಟಿಯಲ್ಲಿಡುವ ವಿದ್ಯೆಗೆ ನೂರಿಪ್ಪತ್ತು ವರ್ಷ ದಾಟಿದೆ. ಇಂಗ್ಲೆಂಡಿನ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಎರಡು ಎಲೆಕ್ಟ್ರೋಡುಗಳ ವಾಲ್ವ್, ಅಂದರೆ ಟ್ಯೂಬ್ ಮಾಡಿದರು. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಅದಕ್ಕೆ ಮೂರನೆಯದಾಗಿ ಒಂದು ಜಾಲರಿ ಸೇರಿಸಿದರು. ಆ ಜಾಲರಿಗೆ ಕೊಡುವ ಸಣ್ಣ ವೋಲ್ಟೇಜಿನ ಏರಿಳಿತ, ಎಲೆಕ್ಟ್ರಾನುಗಳು ಹೋಗಿ ಸೇರುವ ಪ್ಲೇಟಿನಲ್ಲಿ ದೊಡ್ಡ ಏರಿಳಿತವಾಗಿ ಹೊರಬರುತ್ತದೆ. ಇವತ್ತಿನ ಟ್ಯೂಬ್ ಪ್ರಿಆಂಪ್ ಮಾಡುವುದೂ ಇಷ್ಟನ್ನೇ. ಕರ್ನಾಟಕಕ್ಕೆ ಈ ವಿದ್ಯೆ ಪರದೇಶಿಯಲ್ಲ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ, ಅಂದರೆ ಬಿಇಎಲ್, 1961ರಿಂದ ರೇಡಿಯೊ ವಾಲ್ವುಗಳನ್ನು ತಯಾರಿಸಿತು. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದಾಗ ಮಲೆನಾಡಿನ ಬಹುಪಾಲು ಮನೆಗಳ ರೇಡಿಯೊ ವಾಲ್ವ್ ಸೆಟ್ಟೇ ಆಗಿತ್ತು. ಕರೆಂಟು ಬಾರದ ಮನೆಗಳಲ್ಲಿ ಅದು ಒಣ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಸ್ವಿಚ್ ಹಾಕಿ, ವಾಲ್ವ್ ಬಿಸಿಯಾಗುವ ತನಕ ಕಾದು, ಆಮೇಲೆ ದನಿ ಕೇಳಿದ ನೆನಪು ಹಿರಿಯರಿಗೆ ಈಗಲೂ ಇದೆ.

ಟ್ಯೂಬಿನ ನಾದದ ಬಗ್ಗೆ ಬಳಸುವ ವಿಶೇಷಣಗಳು ಬಹಳ. ಅವುಗಳ ಹಿಂದಿರುವ ವಿಜ್ಞಾನ ಮಾತ್ರ ಸರಳ. ಯಾವ ಆಂಪ್ಲಿಫೈಯರ್ ಆದರೂ ಮೂಲದಲ್ಲಿ ಇಲ್ಲದ ಏನನ್ನೋ ಸ್ವಲ್ಪ ಸೇರಿಸುತ್ತದೆ. ಟ್ರಯೋಡ್, ಅಂದರೆ ಮೂರು ಎಲೆಕ್ಟ್ರೋಡಿನ ಮಾದರಿಯ ಟ್ಯೂಬ್ ಹೆಚ್ಚಾಗಿ ಸೇರಿಸುವುದು ಎರಡನೆಯ ಹಾರ್ಮೋನಿಕ್ಕನ್ನು, ಅಂದರೆ ಮೂಲ ಸ್ವರದ ಎರಡರಷ್ಟು ಕಂಪನವನ್ನು. ಸಂಗೀತದ ಲೆಕ್ಕದಲ್ಲಿ ಅದು ಅದೇ ಸ್ವರದ ಮೇಲಿನ ಸ್ಥಾಯಿ; ಮಧ್ಯ ಷಡ್ಜಕ್ಕೆ ತಾರ ಷಡ್ಜ ಸೇರಿದಂತೆ. ಹಾಗಾಗಿ ಕಿವಿಗೆ ಅದು ಅಪಸ್ವರವಾಗಿ ಕೇಳದೆ ದನಿ ತುಸು ತುಂಬಿದಂತೆ ಕೇಳುತ್ತದೆ. ಆದರೆ ಒಳ್ಳೆಯ ಪ್ರಿಆಂಪಿನಲ್ಲಿ ಈ ಸೇರ್ಪಡೆಯ ಪ್ರಮಾಣ ತೀರಾ ಕಡಿಮೆ. ಟ್ಯೂಬ್ ಹಾಕಿದ ಕೂಡಲೆ ದನಿ ಬೇರೆಯೇ ಆಗಿಬಿಡುತ್ತದೆ ಎಂದು ಯಾವುದಾದರೂ ಯಂತ್ರದ ಬಗ್ಗೆ ಹೇಳಿದರೆ, ಅದರಲ್ಲಿ ಬೇಕೆಂದೇ ಹೆಚ್ಚು ವಿಕೃತಿ ಉಳಿಸಿದ್ದಾರೆ ಎಂದೇ ಅರ್ಥ. ಸ್ಪೀಕರ್ ಬದಲಿಸಿದಾಗ ಆಗುವ ವ್ಯತ್ಯಾಸ, ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ತಂದಾಗ ಆಗುವ ವ್ಯತ್ಯಾಸ ಇದಕ್ಕಿಂತ ದೊಡ್ಡದು. ಹಂಚಿನ ಮಾಡು, ಕಾವಿ ನೆಲ, ಬರಿಯ ಗೋಡೆಯ ದೊಡ್ಡ ಹಜಾರದಲ್ಲಿ ದನಿ ಮಾರ್ದನಿಸುತ್ತಿದ್ದರೆ ಮೊದಲು ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೆ ಪರದೆ ಬರಬೇಕು. ಪ್ರಿಆಂಪಿನ ಮಾತು ಆಮೇಲೆ.

ಇನ್ನೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಮನೆಯಲ್ಲಿರುವ ವ್ಯವಸ್ಥೆಗೆ ಪ್ರಿಆಂಪ್ ಬೇಕೇ ಎಂಬುದು. ಬಹಳ ಮನೆಗಳಲ್ಲಿ ಇರುವುದು ಇಂಟಿಗ್ರೇಟೆಡ್ ಆಂಪ್ಲಿಫೈಯರ್. ಅದರ ಡಬ್ಬಿಯೊಳಗೇ ಒಂದು ಪ್ರಿಆಂಪ್ ಇರುತ್ತದೆ. ಅದರ ಮುಂದೆ ಇನ್ನೊಂದನ್ನು ಇಟ್ಟರೆ ಎರಡು ವಾಲ್ಯೂಮ್ ಕಂಟ್ರೋಲುಗಳ ಮೂಲಕ ದನಿ ಹಾದು, ಶಬ್ದದ ಕಸ ಹೆಚ್ಚುತ್ತದೆಯೇ ಹೊರತು ಲಾಭ ಕಡಿಮೆ. ಹಿಂದಿನ ಫಲಕದಲ್ಲಿ ‘ಪ್ರಿ ಔಟ್’, ‘ಮೇನ್ ಇನ್’ ಎಂದು ಬೇರೆಬೇರೆ ಜೋಡಣೆಗಳಿದ್ದರೆ ಒಳಗಿನ ಪ್ರಿಆಂಪನ್ನು ಬಿಟ್ಟು ಹೊರಗಿನದನ್ನು ಸೇರಿಸಬಹುದು. ಬರೀ ಪವರ್ ಆಂಪ್ ಇರುವವರಿಗೆ, ಸ್ಪೀಕರಿನೊಳಗೇ ಆಂಪ್ ಇರುವ ಆಕ್ಟಿವ್ ಸ್ಪೀಕರ್ ಕೊಂಡವರಿಗೆ, ಈಗ ಅಗ್ಗವಾಗಿ ಸಿಗುವ ಕ್ಲಾಸ್ ಡಿ ಪವರ್ ಆಂಪ್ ಇಟ್ಟುಕೊಂಡವರಿಗೆ ಟ್ಯೂಬ್ ಪ್ರಿಆಂಪ್ ನಿಜವಾದ ಕೆಲಸಕ್ಕೆ ಬರುತ್ತದೆ. ಅವರಿಗೂ ಬರೀ ವಾಲ್ಯೂಮ್ ಪಾಟ್ ಮತ್ತು ಸೆಲೆಕ್ಟರ್ ಇರುವ, ಕರೆಂಟೇ ಬೇಡದ ಪ್ಯಾಸಿವ್ ಡಬ್ಬಿಯ ದಾರಿ ಇದ್ದೇ ಇದೆ. ಒಂದೇ ಮೂಲ, ಗಿಡ್ಡ ಕೇಬಲ್ ಇದ್ದಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ.

ಪ್ರಿಆಂಪ್ ಎಂದರೆ ದನಿ ಹೆಚ್ಚಿಸುವ ಯಂತ್ರ ಎಂಬ ನಂಬಿಕೆಯಿಂದ ಆಗುವ ತಪ್ಪು ಖರೀದಿಗಳು ಬಹಳ. ಸಿಡಿ ಪ್ಲೇಯರ್ ಹೊರಗೆಡಹುವ ಸಿಗ್ನಲಿನ ಗರಿಷ್ಠ ಮಟ್ಟ ಸಾಮಾನ್ಯವಾಗಿ 2 ವೋಲ್ಟ್. ಹೆಚ್ಚಿನ ಪವರ್ ಆಂಪುಗಳು 1ರಿಂದ 2 ವೋಲ್ಟ್ ಬಂದರೆ ತಮ್ಮ ಪೂರ್ಣ ಶಕ್ತಿಯನ್ನು ಕೊಟ್ಟುಬಿಡುತ್ತವೆ. ಎಂದರೆ ಹೆಚ್ಚಿಸುವ ಅಗತ್ಯವೇ ಇಲ್ಲ, ಎಷ್ಟೋ ಸಲ ತಗ್ಗಿಸಬೇಕು. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿನ ಕಾಲದಿಂದ ಕೂಡಿಟ್ಟ ಭಾವಗೀತೆಯ ಕ್ಯಾಸೆಟ್ಟುಗಳನ್ನು ಹಳೆಯ ಡೆಕ್ಕಿನಲ್ಲಿ ಕೇಳುವ ಮನೆಯಲ್ಲಿ ಅರ್ಧ ವೋಲ್ಟಿನ ಆಸುಪಾಸಿನ ಸಿಗ್ನಲ್ ಬರುತ್ತದೆ, ಅಲ್ಲಿ ಎರಡರಿಂದ ನಾಲ್ಕು ಪಟ್ಟು, ಅಂದರೆ 6ರಿಂದ 12 ಡೆಸಿಬೆಲ್ ವರ್ಧನೆ ಉಪಕಾರಿ. ಹತ್ತು ಪಟ್ಟು, 20 ಡೆಸಿಬೆಲ್ ದಾಟಿದ ಪ್ರಿಆಂಪ್ ತಂದರೆ ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೊಡನೆ ಮನೆ ತುಂಬ ಸದ್ದು. ಪಾಟ್‌ಗಳು ತಳದಲ್ಲಿ ಎಡ-ಬಲ ಸಮವಾಗಿ ನಡೆಯುವುದು ಅಪರೂಪ, ಹಾಗಾಗಿ ಮೆಲ್ಲಗೆ ಕೇಳುವಾಗ ಹಾಡು ಒಂದೇ ಕಡೆಗೆ ವಾಲುತ್ತದೆ. ಜೊತೆಗೆ ಟ್ಯೂಬಿನ ಸ್ವಂತ ‘ಸುಂಯ್’ ಸದ್ದೂ ಅಷ್ಟೇ ಪಟ್ಟು ದೊಡ್ಡದಾಗಿ ಸ್ಪೀಕರಿಗೆ ಬರುತ್ತದೆ.

ಟ್ಯೂಬಿನ ನಂಬರ್ ನೋಡಿದರೆ ಈ ಗುಣದ ಅಂದಾಜು ಸಿಗುತ್ತದೆ. 12ಎಎಕ್ಸ್7, ಯುರೋಪಿನ ಗುರುತಿನಲ್ಲಿ ಇಸಿಸಿ83, ಇದರ ವರ್ಧನಾಂಶ 100. ಇಸಿಸಿ81ರದ್ದು 60ರ ಸುಮಾರು. 6ಡಿಜೆ8 ಅಥವಾ ಇಸಿಸಿ88 ಸುಮಾರು 33. ಇಸಿಸಿ82 ಅಂದರೆ 12ಎಯು7, ಮತ್ತು ದೊಡ್ಡ ಬುಡದ ಹಳೆಯ 6ಎಸ್ಎನ್7 ಎರಡೂ 20ರ ಒಳಗೆ ಹೊರಗೆ. ಇಸಿಸಿ ಗುರುತಿನವು ಒಂದೇ ಗಾಜಿನೊಳಗೆ ಎರಡು ಟ್ರಯೋಡ್ ಇರುವ ಟ್ಯೂಬುಗಳು; ‘ಇ’ ಎಂದರೆ ಟ್ಯೂಬನ್ನು ಕಾಯಿಸುವ ಹೀಟರಿಗೆ 6.3 ವೋಲ್ಟ್. ರೆಕಾರ್ಡ್ ಪ್ಲೇಯರಿನ ಅತಿ ಸಣ್ಣ ಸಿಗ್ನಲನ್ನು ಎತ್ತಲು ಇಸಿಸಿ83 ಹೇಳಿಮಾಡಿಸಿದ್ದು. 1958ರ ಹೆಸರಾಂತ ಮರಾಂಟ್ಜ್ ಮಾಡೆಲ್ 7 ಪ್ರಿಆಂಪಿನಲ್ಲಿ ಇದ್ದ ಆರೂ ಟ್ಯೂಬುಗಳು ಅವೇ. ಆದರೆ ಸಿಡಿ, ಡ್ಯಾಕ್, ಮೊಬೈಲ್ ಕೇಳುವ ಈ ಕಾಲದ ಲೈನ್ ಹಂತಕ್ಕೆ ಇಸಿಸಿ82, 6ಎಸ್ಎನ್7, ಇಸಿಸಿ88 ಹೆಚ್ಚು ಒಪ್ಪುತ್ತವೆ. ಇವುಗಳ ವರ್ಧನೆಯೂ ಕೆಲವೊಮ್ಮೆ ಹೆಚ್ಚಾದೀತು. ಫೀಡ್‌ಬ್ಯಾಕ್ ಕೊಟ್ಟು ತಗ್ಗಿಸಿರುವ, ಇಲ್ಲವೇ ವರ್ಧನೆಯೇ ಇಲ್ಲದೆ ಬಫರ್ ಆಗಿ ನಡೆಸುವ ವಿನ್ಯಾಸಗಳನ್ನು ಹುಡುಕುವುದು ಒಳ್ಳೆಯದು.

ವರ್ಧನೆಗಿಂತ ಹೆಚ್ಚು ಜನ ಎಡವುವುದು ಇಂಪಿಡೆನ್ಸ್ ವಿಷಯದಲ್ಲಿ. ಬೇಸಗೆಯಲ್ಲಿ ಕಾಫಿಗೆ ನೀರು ಹಾಯಿಸುವಾಗ ದೊಡ್ಡ ಜೆಟ್ಟಿಗೆ ಮುಕ್ಕಾಲಿಂಚಿನ ಪೈಪು ಜೋಡಿಸಿದರೆ ಏನಾಗುತ್ತದೆಂದು ತೋಟದವರಿಗೆ ಹೇಳಬೇಕಾಗಿಲ್ಲ. ಪಂಪಿನಲ್ಲಿ ಬಲವಿದ್ದರೂ ನೀರು ಬಿಡುವ ಬಾಯಿಯಲ್ಲಿ ಒತ್ತಡ ಉಳಿಯುವುದಿಲ್ಲ. ಪ್ರಿಆಂಪಿನ ಔಟ್‌ಪುಟ್ ಇಂಪಿಡೆನ್ಸ್ ಹೆಚ್ಚಿದ್ದು, ಪವರ್ ಆಂಪಿನ ಇನ್‌ಪುಟ್ ಇಂಪಿಡೆನ್ಸ್ ಕಡಿಮೆ ಇದ್ದರೆ ಆಗುವುದೂ ಅದೇ. ರೂಢಿಯ ಲೆಕ್ಕದಲ್ಲಿ ಎರಡನೆಯದು ಮೊದಲನೆಯದರ ಹತ್ತು ಪಟ್ಟಾದರೂ ಇರಬೇಕು. ಹಳೆಯ ಟ್ಯೂಬ್ ಪವರ್ ಆಂಪುಗಳ ಇನ್‌ಪುಟ್ 100 ಕಿಲೋಓಮ್ ಅಥವಾ ಅದಕ್ಕೂ ಹೆಚ್ಚು, ಅವಕ್ಕೆ ಯಾವ ಪ್ರಿಆಂಪ್ ಆದರೂ ನಡೆದೀತು. ಈಗಿನ ಕ್ಲಾಸ್ ಡಿ ಆಂಪುಗಳು, ಆಕ್ಟಿವ್ ಸ್ಪೀಕರುಗಳು ಹಲವು ಸಲ 10ರಿಂದ 20 ಕಿಲೋಓಮ್ ಇನ್‌ಪುಟ್ಟಿನವು. ಇಸಿಸಿ83ರ ಪ್ಲೇಟಿನಿಂದಲೇ ನೇರವಾಗಿ ಸಿಗ್ನಲ್ ತೆಗೆದರೆ ಔಟ್‌ಪುಟ್ ಇಂಪಿಡೆನ್ಸ್ 40 ಕಿಲೋಓಮ್ ಸಮೀಪಕ್ಕೂ ಹೋಗಬಹುದು. ಆ ಜೋಡಿ ಕೂಡುವುದಿಲ್ಲ. ಕ್ಯಾಥೋಡ್ ಫಾಲೋವರ್ ಎಂಬ ಕೊನೆಯ ಹಂತವಿರುವ ಪ್ರಿಆಂಪಿನಲ್ಲಿ ಇದು ಸಾವಿರ ಓಮ್‌ಗಿಂತ ಕೆಳಗೆ ಇಳಿಯುತ್ತದೆ. ಕೊಳ್ಳುವಾಗ ಕೇಳಬೇಕಾದ ಮೊದಲ ಸಂಖ್ಯೆ ಇದು; ಮಾರುವವರು ಈ ಸಂಖ್ಯೆ ಕೊಡದಿದ್ದರೆ ಬೇರೆ ಯಂತ್ರ ನೋಡುವುದೇ ಸರಿ.

ಇದೇ ಜಾಗದಲ್ಲಿ ಇನ್ನೊಂದು ಬಲೆ ಇದೆ. ಟ್ಯೂಬಿನ ಹೈ ವೋಲ್ಟೇಜು ಮುಂದಿನ ಯಂತ್ರಕ್ಕೆ ಹೋಗದಂತೆ ತಡೆಯಲು ಔಟ್‌ಪುಟ್ಟಿನಲ್ಲಿ ಒಂದು ಕೆಪಾಸಿಟರ್ ಇಟ್ಟಿರುತ್ತಾರೆ. ಅದರ ಅಳತೆ 0.47 ಮೈಕ್ರೋಫ್ಯಾರಡ್ ಆಗಿದ್ದು, ಪವರ್ ಆಂಪಿನ ಇನ್‌ಪುಟ್ 10 ಕಿಲೋಓಮ್ ಆಗಿದ್ದರೆ ಸುಮಾರು 34 ಹರ್ಟ್ಜಿಗೇ ಮಂದ್ರದ ದನಿ 3 ಡೆಸಿಬೆಲ್ ಕುಸಿದಿರುತ್ತದೆ. ಮೃದಂಗದ ಎಡದ, ಮದ್ದಳೆಯ ಗುಂಗು ಸಣಕಲಾದಂತೆ ಕೇಳಿದರೆ ಟ್ಯೂಬನ್ನು ಬೈಯುವ ಮೊದಲು ಇದನ್ನು ನೋಡಬೇಕು. 2.2 ಮೈಕ್ರೋಫ್ಯಾರಡ್ ಹಾಕಿದರೆ ಆ ಗಡಿ 7 ಹರ್ಟ್ಜಿಗೆ ಇಳಿಯುತ್ತದೆ, ಕಿವಿಗೆ ಕೇಳುವ ವಲಯದಿಂದಲೇ ಆಚೆಗೆ.

ಐದಾರು ಸಾವಿರ ರೂಪಾಯಿಯೊಳಗೆ ಆನ್‌ಲೈನಿನಲ್ಲಿ ಸಿಗುವ ಅಂಗೈಯಗಲದ ಟ್ಯೂಬ್ ಡಬ್ಬಿಗಳ ಬಗ್ಗೆ ಬಿಚ್ಚಿ ಹೇಳಲೇಬೇಕು, ಏಕೆಂದರೆ ಹೊಸಬರು ಮೊದಲು ಕೊಳ್ಳುವುದು ಅವನ್ನೇ. ಇವುಗಳಲ್ಲಿ ಹಲವದರಲ್ಲಿ ಚೀನಾದ 6ಜೆ1 ಎಂಬ ಸಣ್ಣ ಪೆಂಟೋಡ್ ಜೋಡಿ ಇರುತ್ತದೆ. ಇದು ಅಮೆರಿಕದ 6ಎಕೆ5ಕ್ಕೆ ಸಮನಾದ, ಮೂಲದಲ್ಲಿ ರೇಡಿಯೊ ತರಂಗಗಳ ಕೆಲಸಕ್ಕೆಂದು ಮಾಡಿದ ಟ್ಯೂಬ್. ಟ್ಯೂಬ್ ಕೆಟ್ಟದ್ದಲ್ಲ. ಅದಕ್ಕೆ ಕೊಡುವ ವೋಲ್ಟೇಜು ಸಾಲದು ಎಂಬುದೇ ತೊಂದರೆ. ನೂರಕ್ಕೂ ಹೆಚ್ಚು ವೋಲ್ಟಿನಲ್ಲಿ ಸರಾಗವಾಗಿ ಉಸಿರಾಡುವ ಟ್ಯೂಬಿನ ಪ್ಲೇಟಿಗೆ 30 ವೋಲ್ಟ್ ಆಸುಪಾಸು ಕೊಟ್ಟು ನಡೆಸಿದಾಗ ಸಿಗ್ನಲ್ ಸ್ವಲ್ಪ ಜೋರಾದೊಡನೆ ತಲೆ ಕತ್ತರಿಸಿದಂತಾಗುತ್ತದೆ, ವಿಕೃತಿ ಏರುತ್ತದೆ. ಎಷ್ಟೋ ಡಬ್ಬಿಗಳಲ್ಲಿ ನಿಜವಾದ ಕೆಲಸ ಮಾಡುವುದು ಒಳಗಿನ ಐಸಿ, ಟ್ಯೂಬು ತೋರಿಕೆಗೆ. ಗಾಜಿನ ಬುಡದಲ್ಲಿ ಕಿತ್ತಳೆ ಬಣ್ಣದ ಎಲ್ಇಡಿ ಉರಿಯುತ್ತಿದ್ದರೆ ಅದು ಟ್ಯೂಬಿನ ಕೆಂಡವಲ್ಲ, ದೀಪ. ಸಣ್ಣ ಸಿಗ್ನಲಿನ ಟ್ಯೂಬಿನ ನಿಜವಾದ ಕಾವು ಹಗಲಿನಲ್ಲಿ ಕಂಡೂ ಕಾಣದಷ್ಟು ಮಂದ. ಹಾಗೆಂದು 12 ವೋಲ್ಟ್ ಅಡಾಪ್ಟರಿನಲ್ಲಿ ನಡೆಯುವುದೆಲ್ಲ ತ್ಯಾಜ್ಯವೂ ಅಲ್ಲ. ಒಳಗೊಂದು ಬೂಸ್ಟ್ ಕನ್ವರ್ಟರ್ ಇಟ್ಟು 12 ವೋಲ್ಟನ್ನು 200ರವರೆಗೆ ಏರಿಸಿ ಇಸಿಸಿ82 ಓಡಿಸುವ ಪ್ರಾಮಾಣಿಕ ವಿನ್ಯಾಸಗಳಿವೆ. ಪ್ಲೇಟ್ ವೋಲ್ಟೇಜು ಎಷ್ಟು ಎಂಬ ಒಂದೇ ಪ್ರಶ್ನೆಗೆ ಬರುವ ಉತ್ತರದಲ್ಲಿ ಜೊಳ್ಳು-ಗಟ್ಟಿ ಬೇರೆಯಾಗುತ್ತದೆ.

ಗುಡ್ಡದ ಮನೆಗಳಿಗೆ 12 ವೋಲ್ಟ್ ಅಡಾಪ್ಟರಿನ ಈ ಪ್ರಾಮಾಣಿಕ ಬಗೆ ಒಂದು ವರವೂ ಹೌದು. ಅಡಾಪ್ಟರುಗಳಲ್ಲಿ ಹೆಚ್ಚಿನವು 100ರಿಂದ 240 ವೋಲ್ಟ್ ಒಳಗೆ ಎಷ್ಟು ಬಂದರೂ ಒಂದೇ 12 ವೋಲ್ಟ್ ಕೊಡುತ್ತವೆ. ಸಾಂಪ್ರದಾಯಿಕ ಟ್ರಾನ್ಸ್‌ಫಾರ್ಮರ್ ಇರುವ ಪ್ರಿಆಂಪಿನ ಗತಿ ಹಾಗಲ್ಲ. 230 ವೋಲ್ಟಿಗೆಂದು ಸುತ್ತಿದ ಟ್ರಾನ್ಸ್‌ಫಾರ್ಮರಿಗೆ ಸಂಜೆ ಹೊತ್ತು, ಪಂಪುಗಳೆಲ್ಲ ನಡೆಯುವಾಗ ಲೈನಿನ ತುದಿಯ ಮನೆಯಲ್ಲಿ 190 ಬಂದರೆ, ಹೀಟರಿಗೆ ಸಿಗುವುದು 6.3 ಅಲ್ಲ, 5.2 ವೋಲ್ಟ್. ಎಲೆಕ್ಟ್ರಾನು ಹೊರಡಿಸುವ ಕ್ಯಾಥೋಡ್ ಸಾಕಷ್ಟು ಕಾಯದೆ ದನಿ ಸೋಲುತ್ತದೆ. ನಡುರಾತ್ರಿ ಅದೇ ಲೈನಿನಲ್ಲಿ 260 ಬಂದರೆ ಹೀಟರಿಗೆ 7.1 ವೋಲ್ಟ್, ಅದು ಟ್ಯೂಬಿನ ಆಯಸ್ಸನ್ನು ತಿನ್ನುತ್ತದೆ. ಹೀಟರಿನ ವೋಲ್ಟೇಜು ಹೇಳಿದ್ದಕ್ಕಿಂತ ನೂರಕ್ಕೆ ಹತ್ತರಷ್ಟು ಆಚೀಚೆ ಹೋಗಬಾರದು, ಐದರೊಳಗಿದ್ದರೆ ಉತ್ತಮ. ಆದ್ದರಿಂದ ಹೀಟರಿಗೆ ರೆಗ್ಯುಲೇಟ್ ಮಾಡಿದ ಡಿಸಿ, ಸಾಧ್ಯವಾದರೆ ಹೈ ವೋಲ್ಟೇಜಿಗೂ ರೆಗ್ಯುಲೇಟರ್ ಇರುವ ಯಂತ್ರಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹೆಸರುವಾಸಿ ಟ್ಯೂಬಿಗೆ, ಚಿನ್ನದ ಲೇಪದ ಸಾಕೆಟ್ಟಿಗೆ, ದಪ್ಪ ಕೇಬಲ್ಲಿಗೆ ಹಾಕುವ ಹಣ ಪವರ್ ಸಪ್ಲೈಗೆ ಹೋಗಬೇಕು. ಅಗ್ಗದ ಪ್ರಿಆಂಪನ್ನು ಒಳ್ಳೆಯದಾಗಿಸುವುದೂ ಕೆಡಿಸುವುದೂ ಅದೇ.

ಮೆಸ್ಕಾಂನ ವಿದ್ಯುತ್ ಲೈನಿನ ಮೇಲೆ ಮಳೆಗಾಲದಲ್ಲಿ ಮರ ಬೀಳುವುದು ಮಲೆನಾಡಿನ ಮಾಮೂಲು. ಆಗ ಮನೆ ನಡೆಯುವುದು ಇನ್‌ವರ್ಟರಿನ ಮೇಲೆ. ಹಳೆಯ ಚೌಕ ಅಲೆಯ ಇನ್‌ವರ್ಟರಿಗೆ ಟ್ಯೂಬ್ ಪ್ರಿಆಂಪ್ ಸೇರಿಸಿದರೆ ಟ್ರಾನ್ಸ್‌ಫಾರ್ಮರ್ ಕಿರುಗುಟ್ಟುತ್ತದೆ, ಆ ಕಿರುಕುಳ ಸ್ಪೀಕರಿಗೂ ಬರುತ್ತದೆ. ಸೈನ್ ವೇವ್ ಇನ್‌ವರ್ಟರಿನಲ್ಲಿ ಈ ತೊಂದರೆ ಇಲ್ಲ. ಪ್ರಿಆಂಪ್ ಎಳೆಯುವುದು ಸಾಮಾನ್ಯವಾಗಿ ಹದಿನೈದರಿಂದ ನಲವತ್ತು ವಾಟ್ ಅಷ್ಟೇ, ಬ್ಯಾಟರಿಗೆ ದೊಡ್ಡ ಹೊರೆಯಲ್ಲ. ಆದರೆ ಕರೆಂಟು ಹೋಗಿ ಬಂದು, ಮತ್ತೆ ಹೋಗಿ ಬಂದು ಆಡುವಾಗ ತಣಿದ ಹೀಟರಿಗೆ ಪದೇ ಪದೇ ಏಟು ಬೀಳುತ್ತದೆ. ಅಂಥ ಸಂಜೆ ಸ್ವಿಚ್ ಆರಿಸಿ, ಕರೆಂಟು ಸ್ಥಿರವಾದ ಮೇಲೆ ಹಾಕುವುದು ಮೇಲು. ಆನ್ ಮಾಡಿದ ಅರ್ಧ ನಿಮಿಷ ಔಟ್‌ಪುಟ್ಟನ್ನು ಮುಚ್ಚಿಡುವ ಡಿಲೇ ರಿಲೇ ಇರುವ ಯಂತ್ರಗಳಲ್ಲಿ ಸ್ಪೀಕರಿಗೆ ‘ಧಪ್’ ಎಂಬ ಹೊಡೆತವೂ ತಪ್ಪುತ್ತದೆ. ರಿಲೇ ಇಲ್ಲದಿದ್ದರೆ ಪ್ರಿಆಂಪನ್ನು ಮೊದಲು, ಪವರ್ ಆಂಪನ್ನು ಕೊನೆಗೆ ಹಾಕಬೇಕು. ಆರಿಸುವಾಗ ಇದರ ತಿರುವುಮುರುವು.

ರೇವತಿಯಿಂದ ಕೃತ್ತಿಕೆಯವರೆಗೆ, ಅಂದರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಭಯ ಹೆಚ್ಚು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕೀಳಬೇಕು. ಡಿಶ್ ಆಂಟೆನಾದ ತಂತಿ ಟಿವಿಯ ಮೂಲಕ ಆಂಪಿಗೆ ಸೇರಿದ್ದರೆ ಅದನ್ನೂ ಬಿಡಿಸಬೇಕು, ಎಷ್ಟೋ ಸಲ ಏಟು ಬರುವುದು ಆ ದಾರಿಯಿಂದ. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಗಳಲ್ಲಿ 50 ಹರ್ಟ್ಜಿನ ‘ಗುಂಯ್’ ಸದ್ದು ಟ್ಯೂಬ್ ಪ್ರಿಆಂಪಿನಲ್ಲಿ ಬೇಗ ಕಾಣಿಸಿಕೊಳ್ಳುತ್ತದೆ. ಬೇಸಗೆಯಲ್ಲಿ ನೆಲ ಒಣಗಿದಾಗ ಅರ್ಥ್ ಗುಂಡಿಗೆ ನೀರು ಹೊಯ್ಯುವುದು, ಎಲ್ಲ ಯಂತ್ರಗಳನ್ನೂ ಒಂದೇ ಪಾಯಿಂಟಿನಿಂದ ನಡೆಸುವುದು ಇದಕ್ಕೆ ಮೊದಲ ಮದ್ದು. ಸದ್ದು ನಿಲ್ಲಿಸಲೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ತಂತಿಯನ್ನು ಕತ್ತರಿಸುವ ಚಾಳಿ ಕೆಲವರಿಗಿದೆ. ಒಳಗೆ 250 ವೋಲ್ಟ್ ಡಿಸಿ ಇರುವ ಲೋಹದ ಪೆಟ್ಟಿಗೆಗೆ ಅರ್ಥ್ ತಪ್ಪಿಸುವುದು ಜೀವದ ಜೊತೆ ಆಟ. ಅದನ್ನು ಯಾರೂ ಮಾಡಬಾರದು.

ಆರಿದ್ರಾ, ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ಕಳಸ, ಕೊಟ್ಟಿಗೆಹಾರದ ಕಡೆ ಬಟ್ಟೆ ಒಣಗದು, ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಪ್ರಿಆಂಪಿನಲ್ಲಿ ತೇವಕ್ಕೆ ಮೊದಲು ಸೋಲುವುದು ಟ್ಯೂಬಲ್ಲ. ಅದು ಗಾಜಿನೊಳಗೆ ಭದ್ರವಾಗಿರುತ್ತದೆ. ಸೋಲುವುದು ವಾಲ್ಯೂಮ್ ಪಾಟ್, ಸೆಲೆಕ್ಟರ್ ಸ್ವಿಚ್, ಟ್ಯೂಬಿನ ಸಾಕೆಟ್, ಆರ್‌ಸಿಎ ಜೋಡಣೆಗಳು. ಗುಂಡಿ ತಿರುಗಿಸುವಾಗ ಕರಕರ ಸದ್ದು, ಒಂದು ಕಡೆಯ ದನಿ ಬಂದು ಹೋಗುವುದು ಇವೆಲ್ಲ ಅದರ ಲಕ್ಷಣ. ಮುಚ್ಚಿದ ಮಾದರಿಯ ಪಾಟ್, ಸೆಲೆಕ್ಟರಿಗೆ ಸ್ವಿಚ್ಚಿನ ಬದಲು ಒಳಗೆ ಮುಚ್ಚಿದ ರಿಲೇ ಇರುವ ಯಂತ್ರ ಇಲ್ಲಿ ಹೆಚ್ಚು ದಿನ ಬಾಳುತ್ತದೆ. ಮಳೆಗಾಲದಲ್ಲಿ ಯಂತ್ರವನ್ನು ಗೂಡಿನಲ್ಲಿ ಮುಚ್ಚಿಡುವುದಕ್ಕಿಂತ ದಿನಕ್ಕೊಂದು ಗಂಟೆ ಓಡಿಸುವುದೇ ಒಳಿತು. ಟ್ಯೂಬಿನ ಕಾವು ಪೆಟ್ಟಿಗೆಯ ಒಳಗನ್ನು ಒಣಗಿಸುತ್ತದೆ. ಆ ಕಾವಿಗೇ ಹಲ್ಲಿ, ಜಿರಲೆ, ಇರುವೆ ಸೇರುತ್ತವೆ ಎಂಬುದೂ ನಿಜ. ಹೈ ವೋಲ್ಟೇಜಿನ ಎರಡು ತುದಿಗಳ ನಡುವೆ ಹಲ್ಲಿ ಸಿಕ್ಕಿಕೊಂಡರೆ ಹಲ್ಲಿಯೂ ಹೋಯಿತು, ಯಂತ್ರವೂ ಹೋಯಿತು. ಗಾಳಿ ಆಡುವ ಕಿಂಡಿಗಳಿಗೆ ಸಣ್ಣ ಜಾಲರಿ ಇರುವ ಪೆಟ್ಟಿಗೆ ಬೇಕು. ಟ್ಯೂಬುಗಳನ್ನು ಮೇಲೆ ಬಯಲಾಗಿ ನಿಲ್ಲಿಸಿದ ವಿನ್ಯಾಸ ನೋಡಲು ಚಂದ, ಮಕ್ಕಳೂ ಬೆಕ್ಕೂ ಇರುವ ಮನೆಗೆ ಒಪ್ಪುವುದಿಲ್ಲ.

ಅಟ್ಟದಲ್ಲಿ ಹಳೆಯ ಎಚ್ಎಂವಿ ರೆಕಾರ್ಡುಗಳಿದ್ದರೆ ಫೋನೊ ಹಂತದ ಪ್ರಶ್ನೆ ಬರುತ್ತದೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು 3ರಿಂದ 5 ಮಿಲಿವೋಲ್ಟ್. ಅದನ್ನು ನೂರು ಪಟ್ಟು ಎತ್ತಬೇಕು, ಜೊತೆಗೆ ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಮಂದ್ರವನ್ನು ಏರಿಸಿ, ಏರಿಸಿದ ತಾರವನ್ನು ತಗ್ಗಿಸುವ ಆರ್‌ಐಎಎ ತಿದ್ದುಪಡಿ ಮಾಡಬೇಕು. ಇಷ್ಟು ಸಣ್ಣ ಸಿಗ್ನಲಿನಲ್ಲಿ ಟ್ಯೂಬಿನ ಸದ್ದು, ಪವರ್ ಸಪ್ಲೈನ ಗುಂಯ್ ಎಲ್ಲವೂ ಎದ್ದು ಕೇಳುತ್ತವೆ. ಕಡಿಮೆ ಬೆಲೆಯಲ್ಲಿ ಒಳ್ಳೆಯ ಟ್ಯೂಬ್ ಫೋನೊ ಸಿಗುವುದು ಕಷ್ಟ. ಟ್ರಾನ್ಸಿಸ್ಟರ್ ಅಥವಾ ಐಸಿಯ ಪುಟ್ಟ ಫೋನೊ ಡಬ್ಬಿ ಕೊಂಡು, ಅದರ ಔಟ್‌ಪುಟ್ಟನ್ನು ಟ್ಯೂಬ್ ಲೈನ್ ಪ್ರಿಆಂಪಿಗೆ ಕೊಡುವುದು ಜಾಣತನ. ಹಳೆಯ ಪೆಟ್ಟಿಗೆ ಮಾದರಿಯ ಪ್ಲೇಯರುಗಳ ಸೆರಾಮಿಕ್ ಕಾರ್ಟ್ರಿಜ್ಜಿಗೆ ಫೋನೊ ಹಂತವೇ ಬೇಡ. ಅದು ನೂರಾರು ಮಿಲಿವೋಲ್ಟ್ ಕೊಡುತ್ತದೆ, ಅದಕ್ಕೆ ಬೇಕಾದ್ದು ಒಂದು ಮೆಗಾಓಮ್ ಆಸುಪಾಸಿನ ಇನ್‌ಪುಟ್. ಟ್ಯೂಬಿನ ಜಾಲರಿಗೆ ಅದು ಸಹಜ.

ಟ್ಯೂಬು ಸವೆಯುವ ವಸ್ತು. ಪ್ರಿಆಂಪಿನ ಸಣ್ಣ ಟ್ಯೂಬ್ ಸರಿಯಾದ ವೋಲ್ಟೇಜಿನಲ್ಲಿ 5,000ದಿಂದ 10,000 ಗಂಟೆ ಬಾಳುತ್ತದೆ. ದಿನಕ್ಕೆ ನಾಲ್ಕು ಗಂಟೆ ಕೇಳುವ ಮನೆಯಲ್ಲಿ ಮೂರೂವರೆಯಿಂದ ಏಳು ವರ್ಷ. ಹಾಗಾಗಿ ಸುಲಭವಾಗಿ ಸಿಗುವ, ಈಗಲೂ ತಯಾರಾಗುವ ನಂಬರಿನ ಟ್ಯೂಬ್ ಇರುವ ಯಂತ್ರವನ್ನೇ ಕೊಳ್ಳಬೇಕು. ಇಸಿಸಿ82, ಇಸಿಸಿ83, ಇಸಿಸಿ88, 6ಎಸ್ಎನ್7 ಇವು ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾಟೊವ್, ಚೀನಾದ ಕಾರ್ಖಾನೆಗಳಿಂದ ಈಗಲೂ ಬರುತ್ತಿವೆ. ಮುಲ್ಲಾರ್ಡ್, ಟಂಗ್‌ಸೋಲ್ ಎಂಬ ಹಳೆಯ ಹೆಸರು ಹೊತ್ತ ಹೊಸ ಟ್ಯೂಬುಗಳು ಸರಾಟೊವ್‌ನಲ್ಲೇ ಆದವು. ಹಳೆಯ ಇಂಗ್ಲೆಂಡಿನ, ಅಮೆರಿಕದ ಸರಕಲ್ಲ. 2022ರಲ್ಲಿ ರಷ್ಯಾದ ರಫ್ತಿಗೆ ತಡೆ ಬಿದ್ದಾಗ ಬೆಲೆ ಏರಿದ್ದನ್ನು ನೆನೆದರೆ ಒಂದು ಜೊತೆ ಹೆಚ್ಚಿಗೆ ಕೊಂಡಿಟ್ಟುಕೊಳ್ಳುವುದು ವಿವೇಕ. ಬಿಇಎಲ್ ಇಸಿಸಿ83ಗೆ ಹೊರದೇಶದಲ್ಲೂ ಬೇಡಿಕೆ ಇದೆ. ಹಳೆಯ ರೇಡಿಯೊ ರಿಪೇರಿ ಅಂಗಡಿಯ ಡಬ್ಬಗಳಲ್ಲಿ ಅದು ಸಿಕ್ಕರೆ ಪುಣ್ಯ. ಆದರೆ ಹಳೆಯ ವಾಲ್ವ್ ರೇಡಿಯೊ ಬಿಚ್ಚಿದರೆ ಸಿಗುವುದು ಹೆಚ್ಚಾಗಿ ಇಸಿಎಚ್81, ಇಎಲ್84, ಇಝಡ್80 ಮುಂತಾದವು. ಅವನ್ನು ಪ್ರಿಆಂಪಿನ ಸಾಕೆಟ್ಟಿಗೆ ಹಾಕುವಂತಿಲ್ಲ. ಒಂಬತ್ತು ಪಿನ್ನು ಸಾಕೆಟ್ಟಿಗೆ ಕೂತ ಮಾತ್ರಕ್ಕೆ ಅದು ಅದೇ ಟ್ಯೂಬಲ್ಲ.

ಕೊಳ್ಳುವ ದಾರಿಗಳು ಮೂರು. ಹೊಸದನ್ನು ಹೊರದೇಶದಿಂದ ತರಿಸುವವರು ಬೆಲೆಯ ಮೇಲೆ ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಬೇಕು, ಜೊತೆಗೆ ಹಿಂದಿನ ಫಲಕದ ವೋಲ್ಟೇಜನ್ನು ಎರಡು ಸಲ ನೋಡಬೇಕು. ಅಮೆರಿಕದ 120 ವೋಲ್ಟಿನ, ಜಪಾನಿನ 100 ವೋಲ್ಟಿನ ಯಂತ್ರವನ್ನು ನಮ್ಮ ಪ್ಲಗ್ಗಿಗೆ ಹಾಕಿದರೆ ಅದೇ ಅದರ ಕೊನೆ. ಬಳಸಿದ್ದನ್ನು ಕೊಳ್ಳುವುದು ಎರಡನೆಯ ದಾರಿ. ಬಹಳ ಹಳೆಯದಾದರೆ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಬದಲಿಸುವ ಖರ್ಚನ್ನು ಬೆಲೆಗೆ ಕೂಡಿಸಿಕೊಳ್ಳಬೇಕು. ಮೂರನೆಯದು ಕಿಟ್ ತಂದು ಕಟ್ಟಿಸುವುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರೆಸಿಸ್ಟರ್, ಕೆಪಾಸಿಟರ್, ಅಲ್ಯೂಮಿನಿಯಂ ಪೆಟ್ಟಿಗೆ ಸಿಗುತ್ತವೆ. ಹೈ ವೋಲ್ಟೇಜಿಗೊಂದು, 6.3 ವೋಲ್ಟಿಗೊಂದು ಸೆಕೆಂಡರಿ ಇರುವ ಟ್ರಾನ್ಸ್‌ಫಾರ್ಮರನ್ನು ವೈಂಡಿಂಗ್ ಮಾಡುವವರಿಂದ ಸುತ್ತಿಸಬಹುದು. ಹದಿನೈದರಿಂದ ಮೂವತ್ತು ಸಾವಿರದ ನಡುವೆ ಖರ್ಚು ಮಾಡುವವರಿಗೆ ಈ ದಾರಿಯಲ್ಲಿ ಸಿಗುವ ಗುಣ ಅದೇ ಹಣದ ಸಿದ್ಧ ಯಂತ್ರದಲ್ಲಿ ಸಿಗುವುದು ಕಷ್ಟ. ಕಟ್ಟಿದವರೇ ರಿಪೇರಿಯನ್ನೂ ಬಲ್ಲರು, ಗುಡ್ಡದ ಮನೆಗೆ ಅದು ದೊಡ್ಡ ಬಲ. ಆದರೆ ಹೈ ವೋಲ್ಟೇಜಿನ ಕೆಲಸ ಅರಿಯದವರು ಇದಕ್ಕೆ ಕೈ ಹಾಕಬಾರದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರುತ್ತದೆ.

ತಂದ ಯಂತ್ರದ ಪರೀಕ್ಷೆಗೆ ಮಳೆಗಾಲ ಸರಿಯಾದ ಕಾಲವಲ್ಲ. ಹಂಚಿನ ಮೇಲೆ, ಅದಕ್ಕೂ ಹೆಚ್ಚಾಗಿ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಟ್ಯೂಬಿನ ಸುಂಯ್ ಕೇಳಿಸುವುದೇ ಇಲ್ಲ. ಕಾಫಿ ಕೊಯ್ಲಿನ ತಿಂಗಳುಗಳ ತಣ್ಣನೆಯ ರಾತ್ರಿ, ಫ್ಯಾನೂ ಇಲ್ಲದ ಹೊತ್ತಿನಲ್ಲಿ, ಹಾಡು ಹಾಕದೆ ವಾಲ್ಯೂಮನ್ನು ನಿತ್ಯ ಕೇಳುವ ಮಟ್ಟಕ್ಕೆ ಇಟ್ಟು ಕೂತ ಜಾಗದಿಂದಲೇ ಆಲಿಸಬೇಕು. ಸ್ಪೀಕರಿಗೆ ಕಿವಿ ಒತ್ತಿದರೆ ಮಾತ್ರ ಕೇಳುವ ಸುಂಯ್ ಸಹಜ. ಕುರ್ಚಿಗೆ ಕೇಳಿದರೆ ವರ್ಧನೆ ಹೆಚ್ಚು, ಇಲ್ಲವೇ ಟ್ಯೂಬ್ ಗದ್ದಲದ್ದು. ಪೆನ್ಸಿಲಿನ ತುದಿಯಿಂದ ಟ್ಯೂಬಿನ ಗಾಜನ್ನು ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆಯಂತೆ ಉಲಿದರೆ ಅದು ಮೈಕ್ರೊಫೋನಿಕ್ ಆಗಿದೆ. ಮರದ ಅಟ್ಟಣಿಗೆಯ ನೆಲದಲ್ಲಿ ನಡೆದಾಡುವ ಹೆಜ್ಜೆಯೂ ಅದರಲ್ಲಿ ಕೇಳಿಸುತ್ತದೆ. ಯಂತ್ರ ಆರಿಸಿ, ತಣಿದ ಮೇಲೆ ಎಡ-ಬಲದ ಟ್ಯೂಬುಗಳನ್ನು ಅದಲುಬದಲು ಮಾಡಬೇಕು. ದೋಷವೂ ಜೊತೆಗೆ ಇನ್ನೊಂದು ಬದಿಗೆ ಹೋದರೆ ಆ ಟ್ಯೂಬನ್ನು ಬದಲಿಸುವುದು ಸಾಕು. ಸದ್ದು ಇದ್ದ ಕಡೆಯೇ ಉಳಿದರೆ ತಪ್ಪು ಟ್ಯೂಬಿನದಲ್ಲ, ಬೋರ್ಡಿನದು ಅಥವಾ ಜೋಡಣೆಯದು. ಎರಡೂ ಕಡೆ ಒಂದೇ ಸಮನೆ 100 ಹರ್ಟ್ಜಿನ ಗುಂಯ್ ಇದ್ದರೆ ಪವರ್ ಸಪ್ಲೈ ಸೋಸುತ್ತಿಲ್ಲ. ಈ ಕೊನೆಯ ಎರಡು ದೋಷಗಳಿದ್ದರೆ ಯಂತ್ರವನ್ನು ವಾರಂಟಿಯ ಅವಧಿಯೊಳಗೇ ಮಾರಿದವರಿಗೆ ಹಿಂದಿರುಗಿಸಿ ಸರಿಪಡಿಸಿಕೊಳ್ಳಬೇಕು.